ಹಳೆಯ ಟಿ.ವಿ.ಗೆ ಯಾವ ಪ್ಲೇಯರು?

ಖೋಲಿಯೊಳಗಿನ ಹಳೆಯ ಟಿ.ವಿ.ಗೆ ಯಾವ ಡಿಸ್ಕ್ ಪ್ಲೇಯರನ್ನು ಕೊಳ್ಳಬೇಕೆಂದು ನಮ್ಮ ವಾಚಕ ಬಂಧುಗಳಲ್ಲಿ ಕೆಲವರು ಕೇಳುತ್ತಿರುತ್ತಾರೆ. ಎಲ್ಲರೂ ಮೊಬೈಲಿನಲ್ಲಿ ಚಿತ್ರ ನೋಡುವ ಈ ದಿನಗಳಲ್ಲಿ ಡಿಸ್ಕಿನ ಮಾತೇಕೆಂದು ನಗುವವರು ನಗಲಿ. ಊರಿನ ಮದುವೆಯ ಡಿಸ್ಕು, ಯಕ್ಷಗಾನದ ಡಿಸ್ಕು, ಅಣ್ಣಾವ್ರ ಹಳೆಯ ಚಿತ್ರಗಳ ಡಿಸ್ಕುಗಳನ್ನು ಟ್ರಂಕಿನ ತಳದಲ್ಲಿ ಜೋಪಾನವಾಗಿ ಇಟ್ಟುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಎಸ್.ಎಸ್.ಎಲ್.ಸಿ.ಯ ಆಚೆಗೆ ಓದದ ನಮಗೆ ಈ ವಿಷಯದಲ್ಲಿ ನಾಲ್ಕು ಮಾತಾಡುವ ಅಧಿಕಾರ ಬಂದದ್ದು ಕೈಯಿಂದ ಹಣ ಕಳೆದುಕೊಂಡ ಮೇಲೆ.

೨೦೧೬ನೇ ಇಸವಿಯ ಮೇ ತಿಂಗಳು. ಆಗ ನಾವಿನ್ನೂ ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದೆವು. ಬೈಂದೂರಿನ ಕಡೆಯ ಹುಡುಗನೊಬ್ಬ, ನಮ್ಮಲ್ಲಿ ದೋಸೆಯ ಕಾವಲಿಗೆ ನಿಲ್ಲುತ್ತಿದ್ದವನು, ತಂಗಿಯ ಮದುವೆಗೆಂದು ಹತ್ತು ದಿನಗಳ ರಜೆ ಕೇಳಿದನು. ಆಗಲೇ ಇಬ್ಬರು ಊರಿಗೆ ಹೋಗಿದ್ದರು. ನಾವು ರಜೆ ಕೊಡಲಿಲ್ಲ. ಅವನು ಮರುಮಾತಾಡದೆ ಕಾವಲಿಯ ಮುಂದೆ ನಿಂತನು. ಮದುವೆಯ ದಿನವೂ ನಿಂತಿದ್ದನು. ಜೂನಿನಲ್ಲಿ, ಊರಿನಿಂದ ಮರಳಿದವರ ಕೈಯಲ್ಲಿ ಮದುವೆಯ ಡಿ.ವಿ.ಡಿ. ಬಂತು. ಕೆಲಸಗಾರರ ಖೋಲಿಯಲ್ಲಿ ನಮ್ಮ ಮನೆಯಿಂದ ಕೊಟ್ಟ ೨೧ ಇಂಚಿನ ಹಳೆಯ ಡಬ್ಬಿ ಟಿ.ವಿ. ಇತ್ತು, ಪ್ಲೇಯರು ಇರಲಿಲ್ಲ. ಮನಸ್ಸಿಗೆ ಚುಚ್ಚಿದ ಮುಳ್ಳನ್ನು ಹಣದಿಂದ ಕೀಳಬಹುದೆಂದು ಎಣಿಸಿ ನಾವೇ ಅಂಗಡಿಗೆ ಹೋದೆವು. ಅಲ್ಲಿದ್ದವುಗಳಲ್ಲಿ ದುಬಾರಿಯಾದ ಬ್ಲೂ-ರೇ ಪ್ಲೇಯರನ್ನು ಏಳು ಸಾವಿರ ರೂಪಾಯಿ ಕೊಟ್ಟು ತಂದೆವು. ಹಳೆಯ ಟಿ.ವಿ.ಗೆ ಆಗುವುದೇ ಎಂದು ಕೇಳಿದ್ದಕ್ಕೆ "ಎಲ್ಲದಕ್ಕೂ ಆಗುತ್ತದೆ, ಶೇಟ್" ಎಂದಿದ್ದರು ಅಂಗಡಿಯವರು.

ರಾತ್ರಿ ಹೋಟೆಲು ಮುಚ್ಚಿದ ತರುವಾಯ ಎಂಟು ಮಂದಿ ಚಾಪೆಯ ಮೇಲೆ ಕುಳಿತರು. ಪೆಟ್ಟಿಗೆ ಬಿಚ್ಚಿ ನೋಡಿದರೆ ಪ್ಲೇಯರಿನ ಬೆನ್ನಿನಲ್ಲಿ ಚಿತ್ರಕ್ಕೆ ಎಚ್.ಡಿ.ಎಮ್.ಐ. ಎಂಬ ಒಂದೇ ಚಪ್ಪಟೆ ಕಿಂಡಿ, ಟಿ.ವಿ.ಯ ಬೆನ್ನಿನಲ್ಲಿ ಹಳದಿ, ಬಿಳಿ, ಕೆಂಪು ಬಣ್ಣದ ಮೂರು ದುಂಡು ಕಿಂಡಿಗಳು. ಒಂದಕ್ಕೊಂದು ಸಂಬಂಧವೇ ಇಲ್ಲ. "ಇರ್ಲಿ ಧನಿ, ನಾಳೆ ಕಾಂಬ" ಎಂದು ಹುಡುಗನು ಡಿಸ್ಕನ್ನು ಮತ್ತೆ ಪಂಚೆಯೊಳಗೆ ಸುತ್ತಿಟ್ಟನು. ಮರುದಿನ ಅಂಗಡಿಯಲ್ಲಿ ದೊರೆತ ಉತ್ತರ, ಟಿ.ವಿ. ಬದಲಾಯಿಸಿ ಎಂಬುದು.

ಆ ಹಳದಿ ಕಿಂಡಿ ಇಲ್ಲದಿರುವುದು ತಯಾರಕರ ಮರೆವಲ್ಲವೆಂದು ಆಮೇಲೆ ತಿಳಿದೆವು. ಬ್ಲೂ-ರೇ ಚಿತ್ರಗಳನ್ನು ಯಾರೂ ಕದ್ದು ನಕಲು ಮಾಡದಂತೆ ಚಿತ್ರಸಂಸ್ಥೆಗಳೂ ಯಂತ್ರ ತಯಾರಕರೂ ಕೂಡಿ ಮಾಡಿಕೊಂಡ ಎ.ಎ.ಸಿ.ಎಸ್. ಎಂಬ ಕಟ್ಟಳೆಯಿದೆ. ಅದರ ಪ್ರಕಾರ, ೨೦೧೩ರ ಡಿಸೆಂಬರ್ ೩೧ರ ನಂತರ ತಯಾರಾಗುವ ಪ್ಲೇಯರುಗಳು ಬ್ಲೂ-ರೇ ಚಿತ್ರವನ್ನು ಹಳದಿ ಕಿಂಡಿಯಂತಹ ಹಳೆಯ ಮಾರ್ಗಗಳಲ್ಲಿ ಹೊರಗೆ ಬಿಡಕೂಡದು. ಎಚ್.ಡಿ.ಎಮ್.ಐ.ಯನ್ನು ಎ.ವಿ.ಗೆ ತಿರುಗಿಸಿ ಕೊಡುವ ಸಣ್ಣ ಡಬ್ಬಿಗಳು ಪೇಟೆಯಲ್ಲಿ ದೊರೆಯುವುದುಂಟು. ಎ.ವಿ.ಯನ್ನು ಎಚ್.ಡಿ.ಎಮ್.ಐ.ಗೆ ತಿರುಗಿಸುವ ಡಬ್ಬಿ ಬೇರೆ, ರೂಪು ಒಂದೇ. ಹೆಸರನ್ನು ಹಿಂದುಮುಂದಾಗಿ ಓದಿ ತಂದು ಪೇಚಾಡಿದವರನ್ನು ಕಂಡಿದ್ದೇವೆ. ಸರಿಯಾದ ಡಬ್ಬಿಯನ್ನೇ ತಂದರೂ ಬೀಗ ಹಾಕಿದ ಡಿಸ್ಕುಗಳು ಅದರ ಮೂಲಕ ಬಾರದೆ ಹೋಗಬಹುದು.

ಕಿಂಡಿ ಇದ್ದಿದ್ದರೂ ನಮ್ಮ ಹಣ ವ್ಯರ್ಥವೇ. ನಮ್ಮ ದೇಶದ ಹಳೆಯ ಡಬ್ಬಿ ಟಿ.ವಿ.ಗಳ ಚಿತ್ರವು ೬೨೫ ಗೆರೆಗಳ ಪದ್ಧತಿಯದು. ಅವುಗಳಲ್ಲಿ ಕಣ್ಣಿಗೆ ಬೀಳತಕ್ಕವು ೫೭೬. ದೂರದರ್ಶನವು ೧೯೮೨ರಲ್ಲಿ ಬಣ್ಣದ ಚಿತ್ರ ತೋರಿಸಲು ಮೊದಲು ಮಾಡಿದ್ದೂ ಇದೇ ಲೆಕ್ಕದಲ್ಲಿ. ಈ ಪದ್ಧತಿಗೆ ಮಾಡಿದ ಡಿ.ವಿ.ಡಿ.ಯಲ್ಲಿರುವುದೂ ಸರಿಯಾಗಿ ೫೭೬ ಗೆರೆಗಳು, ಗೆರೆಯೊಂದಕ್ಕೆ ೭೨೦ ಚುಕ್ಕೆಗಳು. ಆದುದರಿಂದ ಡಬ್ಬಿ ಟಿ.ವಿ.ಗೂ ಡಿ.ವಿ.ಡಿ.ಗೂ ಸೇರಿಗೆ ಸವಾಸೇರಿನ ಜಗಳವಿಲ್ಲ, ಸಮಸಮವಾದ ಜೋಡಿ. ಬ್ಲೂ-ರೇಯ ೧೦೮೦ ಗೆರೆಗಳನ್ನು ಅದಕ್ಕೆ ಕೊಡಹೊರಟರೆ ಪಾವಿನ ಲೋಟಕ್ಕೆ ಸೇರು ಹಾಲು ಸುರಿದಂತಾಗುತ್ತದೆ. ಇನ್ನು ಮದುವೆಯ ಡಿ.ವಿ.ಡಿ.ಯೊಳಗೆ ಎಷ್ಟು ಗೆರೆಗಳಿವೆಯೋ ಅಷ್ಟೇ ಸತ್ಯ. ತೆಳುವಾದ ಡಿಕಾಕ್ಷನ್ನನ್ನು ಬೆಳ್ಳಿಯ ಲೋಟದಲ್ಲಿ ಕೊಟ್ಟರೆ ಕಾಫಿ ಗಟ್ಟಿಯಾಗದೆಂಬುದು ನಮ್ಮ ಕಸುಬಿನವರಿಗೆ ಹೇಳಬೇಕಾದ ಮಾತಲ್ಲ.

೩೨ ಇಂಚಿನ ಚಪ್ಪಟೆ ಟಿ.ವಿ. ಇರುವವರ ಲೆಕ್ಕ ಬೇರೆ. ‘ಎಚ್.ಡಿ. ರೆಡಿ’ ಎಂದು ಮಾರಿದ ಇಂತಹ ಟಿ.ವಿ.ಗಳಲ್ಲಿ ಬಹುಪಾಲು ಅಡ್ಡಕ್ಕೆ ೧೩೬೬, ಉದ್ದಕ್ಕೆ ೭೬೮ ಚುಕ್ಕೆಗಳವು. ಇದು ಪೂರ್ಣ ಎಚ್.ಡಿ. ಅಲ್ಲವಾದ್ದರಿಂದ ಬ್ಲೂ-ರೇ ದಂಡವೆಂದು ಕೆಲವರು ಹೇಳುತ್ತಾರೆ. ಅದು ತಪ್ಪು. ಆರೋಗ್ಯವಂತ ಕಣ್ಣು ಸಾಮಾನ್ಯವಾಗಿ ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲಿನಷ್ಟು ಅಂತರವನ್ನು ಬೇರ್ಪಡಿಸಿ ಕಾಣಬಲ್ಲದು. ೩೨ ಇಂಚಿನ ತೆರೆಯ ಅಗಲ ಸುಮಾರು ೨೮ ಇಂಚು. ನಮ್ಮ ಖೋಲಿಗಳಲ್ಲಿ ಗೋಡೆಗೊರಗಿ ಕುಳಿತವನಿಗೂ ಟಿ.ವಿ.ಗೂ ಏಳು ಅಡಿ ಇದ್ದರೆ, ಆ ಅಗಲದಲ್ಲಿ ಅವನ ಕಣ್ಣು ಎಣಿಸಬಲ್ಲದ್ದು ಸುಮಾರು ೧,೧೪೦ ಚುಕ್ಕೆಗಳನ್ನು. ಡಿ.ವಿ.ಡಿ. ಕೊಡುವುದು ೭೨೦, ಅಂದರೆ ಕಣ್ಣಿಗೆ ಇನ್ನೂ ಹಸಿವಿದೆ. ಬ್ಲೂ-ರೇಯ ೧೯೨೦ ಚುಕ್ಕೆಗಳನ್ನು ಟಿ.ವಿ. ೧೩೬೬ಕ್ಕೆ ಇಳಿಸಿ ತೋರಿಸಿದರೂ ಆ ಹಸಿವು ತೀರುತ್ತದೆ. ಅಂಚುಗಳು ತಿದ್ದಿದಂತೆ ಕಾಣುತ್ತವೆ. ಆದರೆ ೨೦೧೬ರಲ್ಲಿ ಪೇಟೆಗೆ ಬಂದ ೪ಕೆ ಪ್ಲೇಯರನ್ನು, ಅದರ ೩೮೪೦ ಚುಕ್ಕೆಗಳನ್ನು ನಂಬಿ ಈ ಟಿ.ವಿ.ಗೆ ಕೊಳ್ಳುವುದು ಶುದ್ಧ ದಂಡ. ತೆರೆಯಲ್ಲಿ ಅಷ್ಟು ಚುಕ್ಕೆಗಳಿಲ್ಲ, ಆ ದೂರದಲ್ಲಿ ಅಷ್ಟು ಕಣ್ಣೂ ಇಲ್ಲ.

ಇಷ್ಟಾಗಿ, ಟ್ರಂಕಿನಲ್ಲಿ ಇರುವ ಡಿಸ್ಕು ಯಾವುದೆಂಬುದನ್ನು ಮೊದಲು ನೋಡಿಕೊಳ್ಳಬೇಕು. ಕನ್ನಡ ಚಿತ್ರಗಳು ಬ್ಲೂ-ರೇಯಲ್ಲಿ ಬಂದದ್ದು ಬಹಳ ಕಡಿಮೆ. ೨೦೦೭ರಲ್ಲಿ ಮೋಸರ್ ಬೇರ್ ಕಂಪೆನಿಯವರು ವಿ.ಸಿ.ಡಿ.ಯನ್ನು ೨೮ ರೂಪಾಯಿಗೂ ಡಿ.ವಿ.ಡಿ.ಯನ್ನು ೩೪ ರೂಪಾಯಿಗೂ ಮಾರತೊಡಗಿದ ಮೇಲೆ ನಮ್ಮವರ ಖೋಲಿಗಳಲ್ಲಿ ಸೇರಿಕೊಂಡವು ಈ ಎರಡೇ ಬಗೆ. ವಿ.ಸಿ.ಡಿ.ಯಲ್ಲಿ ಇರುವುದು ೩೫೨ಕ್ಕೆ ೨೮೮ ಚುಕ್ಕೆ. ಸಣ್ಣ ಡಬ್ಬಿ ಟಿ.ವಿ.ಯಲ್ಲಿ ಮರ್ಯಾದೆಯಿಂದಿರುವ ಆ ಚಿತ್ರ ದೊಡ್ಡ ತೆರೆಯಲ್ಲಿ ಅವಲಕ್ಕಿಯಂತೆ ಒಡೆದು ಕಾಣುತ್ತದೆ, ಅದಕ್ಕೆ ಯಾವ ಪ್ಲೇಯರಿನಲ್ಲಿಯೂ ಔಷಧವಿಲ್ಲ. ಮೇಲಾಗಿ ಬ್ಲೂ-ರೇ ಪ್ಲೇಯರುಗಳೆಲ್ಲವೂ ವಿ.ಸಿ.ಡಿ.ಯನ್ನು ಓದುವುದಿಲ್ಲ. ಆದುದರಿಂದ ನಮ್ಮ ವಾಚಕರಲ್ಲಿ ಹೆಚ್ಚಿನವರಿಗೆ ನಾವು ಹೇಳುವುದು, ಹಳದಿ ಕಿಂಡಿಯೂ ಎಚ್.ಡಿ.ಎಮ್.ಐ. ಕಿಂಡಿಯೂ ಎರಡೂ ಇರುವ ಸಾದಾ ಡಿ.ವಿ.ಡಿ. ಪ್ಲೇಯರನ್ನು ಹುಡುಕಿರಿ ಎಂದು. ಇಂದು ಡಬ್ಬಿ ಟಿ.ವಿ.ಗೆ, ನಾಳೆ ಚಪ್ಪಟೆ ಟಿ.ವಿ. ಬಂದರೆ ಅದಕ್ಕೂ ಆಗುತ್ತದೆ. ಬ್ಲೂ-ರೇ ಡಿಸ್ಕುಗಳನ್ನು ನಿಜವಾಗಿ ಕೊಂಡಿಟ್ಟವರು ಮಾತ್ರ ಬ್ಲೂ-ರೇಗೆ ಹೋಗಲಿ.

ಮುಂಬಯಿಯ ಲ್ಯಾಮಿಂಗ್ಟನ್ ರೋಡು, ಚೆನ್ನೈಯ ರಿಚೀ ಸ್ಟ್ರೀಟುಗಳಂತಹ ಪೇಟೆಗಳಲ್ಲಿ ಹಳೆಯ ಪ್ಲೇಯರು ಕೊಳ್ಳುವುದಾದರೆ ನಿಮ್ಮದೇ ಡಿಸ್ಕನ್ನು ಒಯ್ಯಿರಿ. ಅಂಗಡಿಯವರ ಡಿಸ್ಕು ಅಂಗಡಿಯಲ್ಲಿ ಯಾವಾಗಲೂ ಓಡುತ್ತದೆ. ಡಿಸ್ಕನ್ನು ಯಂತ್ರವು ಒಳಗಿನಿಂದ ಹೊರ ಅಂಚಿನ ಕಡೆಗೆ ಓದುತ್ತಾ ಹೋಗುವುದರಿಂದ ಕೊನೆಯ ದೃಶ್ಯವನ್ನೂ ಓಡಿಸಿ ನೋಡತಕ್ಕದ್ದು. ಮುದಿ ಪ್ಲೇಯರು ತಡವರಿಸುವುದು ಹೆಚ್ಚಾಗಿ ಅಲ್ಲಿಯೇ. ದುಬಾಯಿಯಿಂದ ಬಂಧುಗಳು ತಂದುಕೊಟ್ಟ ಡಿಸ್ಕಿದ್ದರೆ ಅದರ ಬೆನ್ನಿನಲ್ಲಿ ವಲಯದ ಸಂಖ್ಯೆ ನೋಡಿ: ಡಿ.ವಿ.ಡಿ.ಗೆ ಭಾರತದ್ದು ೫, ಕೊಲ್ಲಿ ದೇಶಗಳದ್ದು ೨.

ನಾವೂ ಕೊನೆಗೆ ಮಾಡಿದ್ದು ಅದನ್ನೇ. ಮುಂದಿನ ಸೋಮವಾರ ಆ ಹುಡುಗನನ್ನೇ ಕರೆದುಕೊಂಡು ಲ್ಯಾಮಿಂಗ್ಟನ್ ರೋಡಿಗೆ ಹೋಗಿ, ಡಿಸ್ಕು ಹಾಕಿ ನೋಡಿ, ಏಳುನೂರು ರೂಪಾಯಿಗೆ ಒಂದು ಹಳೆಯ ಡಿ.ವಿ.ಡಿ. ಪ್ಲೇಯರು ತಂದೆವು. ರಾತ್ರಿ ಹಾಕಿದಾಗ ಮದುಮಗ, ಮದುಮಗಳು, ಪುರೋಹಿತರು ಎಲ್ಲರೂ ನುಗ್ಗೆಕಾಯಿಯಂತೆ ಉದ್ದುದ್ದ ಕಂಡರು. ಪ್ಲೇಯರನ್ನು ಅಗಲ ತೆರೆಗೆಂದು ೧೬:೯ಕ್ಕೆ ಇಟ್ಟಿದ್ದರೆ ಡಬ್ಬಿ ಟಿ.ವಿ.ಯಲ್ಲಿ ಹೀಗಾಗುತ್ತದೆ, ಸೆಟಪ್ ಒತ್ತಿ ೪:೩ಕ್ಕೆ ತಂದ ಕೂಡಲೆ ಮನುಷ್ಯರು ಮನುಷ್ಯರಾದರು. (ಬಣ್ಣ ಹೋಗಿ ಚಿತ್ರ ಉರುಳತೊಡಗಿದರೆ ಅದೇ ಪಟ್ಟಿಯಲ್ಲಿ ‘ಪಾಲ್’ ಎಂಬುದನ್ನು ಆರಿಸಬೇಕು.)

ಧಾರೆ ಆಯಿತು, ಊಟದ ಪಂಕ್ತಿ ಬಂತು. ಹುಡುಗನು ಚಿತ್ರವನ್ನು ನಿಲ್ಲಿಸಿ ಹಿಂದಕ್ಕೆ ಒಯ್ದು ಮತ್ತೆ ನೋಡಿದನು. ಸಾರಿನ ಬಕೇಟು ಹಿಡಿದು ಓಡಾಡುತ್ತಿದ್ದವನು ಅವನ ತಮ್ಮ. "ನನ್ ಅಂಗಿ ಹಾಕ್ಕಂಡಿದ್ದ" ಎಂದನು. ಆ ಅಂಗಿಯ ಚೌಕುಳಿ ೫೭೬ ಗೆರೆಗಳಲ್ಲಿ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಮರುವರ್ಷದಿಂದ ಮೇ ತಿಂಗಳ ರಜೆಯ ಪಟ್ಟಿಯನ್ನು ನಾವು ಫೆಬ್ರವರಿಯಲ್ಲಿಯೇ ಬರೆಯತೊಡಗಿದೆವು.