ಕಡಲತೀರದಲ್ಲಿ ಆಮೆಯ ಜಾಡನ್ನು ಗುರುತಿಸುವ ಬಗೆ

ಹೊನ್ನಾವರ, ಕುಂದಾಪುರಗಳ ಮರಳುತೀರದಲ್ಲಿ ಚಳಿಗಾಲದ ಮುಂಜಾವಿನಲ್ಲಿ ಗಾಡಿ ಹಾಯ್ದಂತಹ ಅಗಲವಾದ ಜಾಡು ಕಾಣಬರುವುದುಂಟು. ಇದು ಮೊಟ್ಟೆಯಿಡಲು ರಾತ್ರಿ ದಡವೇರಿದ ಕಡಲಾಮೆಯದು. ಅಗಲ ಸುಮಾರು 70–80 ಸೆಂಟಿಮೀಟರ್ ಇದ್ದು, ಎಡಬಲಗಳ ಈಜುಗಾಲಿನ ಗುರುತುಗಳು ಒಂದನ್ನು ಬಿಟ್ಟೊಂದು ಬಿದ್ದಿದ್ದರೆ ಅದು ಆಲಿವ್ ರಿಡ್ಲಿ ಆಮೆಯದೆಂದು ತಿಳಿಯಬಹುದು. ಹಸಿರು ಕಡಲಾಮೆ ಎರಡು ಕಾಲುಗಳನ್ನೂ ಒಟ್ಟಿಗೆ ಬೀಸುವುದರಿಂದ ಅದರ ಗುರುತುಗಳು ಸರಿಸಾಲಾಗಿರುತ್ತವೆ; ಜಾಡಿನ ಅಗಲವೂ ಸುಮಾರು 1 ಮೀಟರ್. ಈಜುಗಾಲು ಮರಳನ್ನು ಹಿಂದಕ್ಕೆ ತಳ್ಳುತ್ತದೆ. ಆದುದರಿಂದ ಮರಳಿನ ದಿಬ್ಬಕ್ಕೆ ಎದುರಾದುದೇ ಆಮೆ ನಡೆದ ದಿಕ್ಕು. ಏರಿದ, ಇಳಿದ ಜಾಡುಗಳ ನಡುವೆ ಕೆದಕಿದ ಮರಳಿದ್ದರೆ ಗೂಡಿರುವ ಸಂಭವವುಂಟು. ಗಾಳಿ, ಭರತಗಳು ಜಾಡನ್ನು ಬೇಗನೆ ಅಳಿಸುತ್ತವೆ. ನಾಯಿ, ನರಿಗಳು ಗೂಡನ್ನು ಅಗೆಯುತ್ತವೆ. ನಸುಕಿನಲ್ಲಿಯೇ ಜಾಡನ್ನು ಗುರುತಿಸಿ ಅರಣ್ಯ ಇಲಾಖೆಗೆ ತಿಳಿಸಿದರೆ ಮೊಟ್ಟೆಗಳು ಉಳಿಯಬಲ್ಲವು.