ಅಣುಬೀಜದ ಗಿರಕಿ ಅಳೆಯುವ ಗೋಪುರ

ದಕ್ಷಿಣ ದೆಹಲಿಯ ಅರುಣಾ ಆಸಫ್ ಅಲಿ ಮಾರ್ಗದಲ್ಲಿ, ಜೆಎನ್‌ಯು ನೆರೆಯಲ್ಲಿ, ದೇಶದ ಎಲ್ಲ ವಿಶ್ವವಿದ್ಯಾಲಯಗಳಿಗೂ ಹಕ್ಕಿರುವ ಒಂದು ಪ್ರಯೋಗಾಲಯವಿದೆ: ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್. ಯುಜಿಸಿ 1984ರಲ್ಲಿ ನ್ಯೂಕ್ಲಿಯರ್ ಸೈನ್ಸ್ ಸೆಂಟರ್ ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿತು. ಕಣವೇಗವರ್ಧಕ ಕಟ್ಟುವುದು ಒಂದು ವಿಶ್ವವಿದ್ಯಾಲಯದ ಕೈಗೆಟುಕುವ ಕೆಲಸವಲ್ಲ. ಎಲ್ಲರಿಗೂ ಸೇರಿದ್ದೊಂದು ಇರಲಿ ಎಂಬುದೇ ಉದ್ದೇಶ.

ಇಲ್ಲಿನ ಗೋಪುರದೊಳಗೆ 26.5 ಮೀಟರ್ ಎತ್ತರದ ಉಕ್ಕಿನ ಟ್ಯಾಂಕ್ ನೆಟ್ಟಗೆ ನಿಂತಿದೆ. ಅದೇ ಪೆಲೆಟ್ರಾನ್. ತುದಿಯಿಂದ ಇಳಿಯುವ ಋಣ ಅಯಾನುಗಳನ್ನು ನಡುವಿನ ಟರ್ಮಿನಲ್ ಸುಮಾರು 1.5 ಕೋಟಿ ವೋಲ್ಟ್‌ವರೆಗಿನ ಧನ ವಿಭವದಿಂದ ಸೆಳೆಯುತ್ತದೆ. ಅಲ್ಲಿನ ತೆಳು ಇಂಗಾಲದ ಹಾಳೆ ಅವುಗಳ ಎಲೆಕ್ಟ್ರಾನುಗಳನ್ನು ಕಿತ್ತುಕೊಂಡು ಧನ ಅಯಾನುಗಳನ್ನಾಗಿಸುತ್ತದೆ. ಸೆಳೆದ ಟರ್ಮಿನಲ್ಲೇ ಈಗ ಅವನ್ನು ಕೆಳಕ್ಕೆ ತಳ್ಳುತ್ತದೆ. ಇನ್ನೂ ವೇಗ ಬೇಕಾದರೆ, ದ್ರವ ಹೀಲಿಯಂನಲ್ಲಿ ತಣಿಸಿದ ನಿಯೋಬಿಯಂ ಕುಹರಗಳ ಲೀನಿಯರ್ ಆಕ್ಸಿಲರೇಟರ್ ಇದೆ.

ಹೀಗೆ ಧಾವಿಸಿದ ಅಯಾನಿನ ನ್ಯೂಕ್ಲಿಯಸ್ (ಅಣುಬೀಜ) ತೆಳುವಾದ ಲೋಹದ ಹಾಳೆಯಲ್ಲಿನ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಬೆಸೆದುಕೊಂಡಾಗ, ಕಾದು ಕುದಿಯುವ ಹೊಸ ನ್ಯೂಕ್ಲಿಯಸ್ ಹುಟ್ಟುತ್ತದೆ. ಡಿಕ್ಕಿ ಅಂಚಿಗೆ ತಾಗಿದರೆ ಅದು ಬುಗುರಿಯಂತೆ ಗಿರಗಿರನೆ ತಿರುಗುತ್ತದೆ. ಸೆಕೆಂಡಿಗೆ ಸುತ್ತುಗಳ ಲೆಕ್ಕ ಬರೆಯಲು ಒಂದರ ಮುಂದೆ 20 ಸೊನ್ನೆ ಬೇಕು. ಮೊದಲು ನ್ಯೂಟ್ರಾನ್, ಪ್ರೋಟಾನ್‌ಗಳನ್ನು ಹೊರಗೆಸೆದು ಬಿಸಿ ಇಳಿಸಿಕೊಳ್ಳುತ್ತದೆ. ಉಳಿದ ಗಿರಕಿಯನ್ನು ಒಂದರ ಹಿಂದೊಂದು ಗಾಮಾ ಕಿರಣ ಹೊರಬಿಟ್ಟು ಮೆಟ್ಟಿಲು ಮೆಟ್ಟಿಲಾಗಿ ಕಳೆದುಕೊಳ್ಳುತ್ತದೆ.

ಆ ಕಿರಣಗಳನ್ನು ಹಿಡಿಯುವುದು ‘ಇಂಗಾ’, ಅಂದರೆ ಇಂಡಿಯನ್ ನ್ಯಾಷನಲ್ ಗಾಮಾ ಅರೇ. ಇದರ ಪ್ರತಿ ಕ್ಲೋವರ್ ಡಿಟೆಕ್ಟರ್‌ನಲ್ಲಿ ನಾಲ್ಕು ಜರ್ಮೇನಿಯಂ ಹರಳುಗಳಿರುತ್ತವೆ; ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಅವನ್ನು ತಣ್ಣಗಿಡುತ್ತದೆ. ಒಂದೇ ಕ್ಷಣದಲ್ಲಿ ಬೇರೆ ಬೇರೆ ಡಿಟೆಕ್ಟರ್‌ಗೆ ಬಿದ್ದ ಕಿರಣಗಳನ್ನು ಜೋಡಿಸಿದರೆ, ಯಾವ ಮೆಟ್ಟಿಲಿನ ನಂತರ ಯಾವುದು ಎಂಬುದು ತಿಳಿಯುತ್ತದೆ. ಕಿರಣಗಳ ಶಕ್ತಿ ಸಮ ಅಂತರದಲ್ಲಿ ಏರುತ್ತಿದ್ದರೆ ನ್ಯೂಕ್ಲಿಯಸ್ ಉರುಟಾಗಿಲ್ಲ, ಸಾಮಾನ್ಯವಾಗಿ ಹಿಗ್ಗಿ ಉದ್ದವಾಗಿದೆ ಎಂದರ್ಥ. ಅಂತರ ನಡುವೆ ಥಟ್ಟನೆ ಕುಸಿದರೆ, ವೇಗ ತಾಳದೆ ಒಳಗಿನ ಕಣಗಳ ಒಂದು ಜೋಡಿ ಮುರಿದಿದೆ.

ಇಂಗಾ ಒಂದೇ ಊರಿನ ಸೊತ್ತಲ್ಲ. ಸರದಿಯಂತೆ ಮುಂಬೈ, ಕೋಲ್ಕತ್ತ, ದೆಹಲಿಯ ವೇಗವರ್ಧಕಗಳ ಬಳಿ ಅದನ್ನು ಜೋಡಿಸುತ್ತಾರೆ. ಪ್ರಯೋಗದ ಪ್ರಸ್ತಾವ ಒಪ್ಪಿಗೆಯಾದರೆ, ಸ್ವಂತ ವೇಗವರ್ಧಕವಿಲ್ಲದ ಊರಿನ ಸಂಶೋಧನಾ ವಿದ್ಯಾರ್ಥಿಯೂ ಹಗಲು ರಾತ್ರಿ ಪಾಳಿಯಲ್ಲಿ ಕುಳಿತು ದತ್ತಾಂಶ ಸಂಗ್ರಹಿಸಬಹುದು. ದುಬಾರಿ ವಿಜ್ಞಾನ ಕೆಲವೇ ಸಂಸ್ಥೆಗಳ ಪಾಲಾಗಬೇಕಿಲ್ಲ ಎಂಬುದನ್ನು ಈ ಕೇಂದ್ರ ಮಾಡಿ ತೋರಿಸಿದೆ. ಬೇರೆ ಕ್ಷೇತ್ರಗಳಿಗೂ ಇಂಥ ಹಂಚಿಕೆಯ ಪ್ರಯೋಗಾಲಯಗಳು ಇನ್ನಷ್ಟು ಬೇಕು.