ಓಟು ಹಸ್ತಕ್ಕೆ, ನೀರು ಸಾಬರದು

ನಮ್ಮ ದೊಡ್ಡಪ್ಪ ಹುಟ್ಟಾ ಕಾಂಗ್ರೆಸ್ಸಿಗರು. ಜೋಡೆತ್ತಿನಿಂದ ಹಸು-ಕರುವಿಗೆ, ಅಲ್ಲಿಂದ ಹಸ್ತಕ್ಕೆ, ಗುರುತು ಬದಲಾದ ಹಾಗೆಲ್ಲ ತಪ್ಪದೆ ಮುದ್ರೆ ಒತ್ತುತ್ತ ಬಂದವರು. 1983ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದ ಸುದ್ದಿ ಬಂದಾಗ ರೇಡಿಯೊ ಕಿವಿ ಹಿಂಡಿ ತೋಟಕ್ಕೆ ಹೊರಟುಬಿಟ್ಟರಂತೆ. ಮಳೆ ಕೈಕೊಟ್ಟ ಒಂದು ವರ್ಷ ಅಂಥವರ ಮನೆ ಮುಂದೆಯೇ ಸರ್ಕಾರದ ಬೋರ್‌ವೆಲ್ ಲಾರಿ ಬಂದು ನಿಂತಿತು. ನಮ್ಮದು ಮಧುಗಿರಿ ಸೀಮೆಯ ಕಲ್ಲುನೆಲ. ರಾತ್ರಿಯಿಡೀ ಕೊರೆದರು. ಬೂದಿಯಂಥ ಕಲ್ಲುಹುಡಿ ಹುಲ್ಲಿನ ಬಣವೆ, ದನದ ಬೆನ್ನು, ಒಣಹಾಕಿದ್ದ ಬಟ್ಟೆ ಎಲ್ಲದರ ಮೇಲೂ ಕೂತಿತ್ತು. ಕೋಳಿ ಕೂಗುವ ಹೊತ್ತಿಗೆ ನೀರು ಚಿಮ್ಮಿತು. ದೊಡ್ಡಪ್ಪ ಬೊಗಸೆಯೊಡ್ಡಿ ಕುಡಿದು, "ಸಾಬರು ಮಾತು ಉಳಿಸ್ಕೊಂಡ್ರು ಕಣ್ರಯ್ಯಾ" ಅಂದರು.

ಪಕ್ಕದಲ್ಲಿದ್ದ ಜನತಾ ಪಕ್ಷದ ಹುಡುಗನೊಬ್ಬ, "ಹಂಗಾರೆ ಈ ಸಲ ಓಟು ನಮ್ಗೇ ಅನ್ನಿ ಗೌಡ್ರೇ" ಎಂದು ಗಾಳ ಹಾಕಿದ.

"ಓಟು ಹಸ್ತಕ್ಕೆ. ನೀರು ಸಾಬರದು."

ಸಾಬರೆಂದರೆ ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ, ಪಂಚಾಯತ್ ರಾಜ್ ನೋಡಿಕೊಂಡಿದ್ದ ಅಬ್ದುಲ್ ನಜೀರ್‌ಸಾಬ್. ಊರೂರಿಗೆ ಬೋರು ಕೊರೆಸಿ ಜನರ ಬಾಯಲ್ಲಿ 'ನೀರ್‌ಸಾಬ್' ಆದವರು. ಅವರನ್ನು ಹೊಗಳಿದ್ದರಿಂದ ದೊಡ್ಡಪ್ಪನ ಕಾಂಗ್ರೆಸ್ಸೇನೂ ಮುಕ್ಕಾಗಲಿಲ್ಲ. ಅವರಿಗೆ ಅವು ಎರಡು ಬೇರೆ ಬೇರೆ ಖಾತೆ. ಈಗ ನಾವು ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯುತ್ತಿದ್ದೇವೆ, ಜಗಳವೆಲ್ಲ ಅಲ್ಲಿಯದೇ ಅನಿಸುತ್ತದೆ.

ವಿಧಾನಸಭೆಯಲ್ಲಿ ಎದುರು ಪಕ್ಷದವರನ್ನು ಎಲ್ಲರೂ ಮನಬಿಚ್ಚಿ ಹೊಗಳುವ ಹೊತ್ತೊಂದಿದೆ: ಸಂತಾಪ ಸೂಚನೆ. ಸಭಾಧ್ಯಕ್ಷರು ನಿರ್ಣಯ ಮಂಡಿಸುತ್ತಾರೆ, ಆಳುವವರೂ ವಿರೋಧಿಗಳೂ ಸರದಿಯಲ್ಲಿ ಎದ್ದು ಮಾತಾಡುತ್ತಾರೆ, ಕೊನೆಗೆ ಎಲ್ಲರೂ ಮೌನವಾಗಿ ನಿಲ್ಲುತ್ತಾರೆ. ತೀರಿಕೊಂಡವರು ಎಷ್ಟು ಸರಳರು, ಎಷ್ಟು ಓದಿಕೊಂಡವರು, ಕ್ಷೇತ್ರಕ್ಕೆ ಏನೇನು ತಂದರು ಎಂಬುದೆಲ್ಲ ಹೊರಬರುತ್ತದೆ. ಬದುಕಿದ್ದಾಗ ಇದರಲ್ಲಿ ಕಾಲುಭಾಗ ಹೇಳಿದ್ದರೂ ಆ ಮನುಷ್ಯ ಇನ್ನೆರಡು ವರ್ಷ ಉಳಿಯುತ್ತಿದ್ದನೇನೋ ಎಂದು ಗ್ಯಾಲರಿಯಲ್ಲಿ ಕೂತವರಿಗೆ ಅನಿಸಬೇಕು. ಸತ್ತವರು ಮುಂದಿನ ಚುನಾವಣೆಗೆ ನಿಲ್ಲುವುದಿಲ್ಲವಲ್ಲ, ಆ ಧೈರ್ಯ.

ಬದುಕಿರುವವರ ವಿಷಯದಲ್ಲಿ ಹಾಗೆ ನಡೆದುಕೊಳ್ಳುವುದಕ್ಕೆ ಗುಂಡಿಗೆ ಬೇಕು. 1994ರಲ್ಲಿ ಜಿನೀವಾದ ಮಾನವ ಹಕ್ಕು ಆಯೋಗದಲ್ಲಿ ಕಾಶ್ಮೀರದ ಬಗ್ಗೆ ಪಾಕಿಸ್ತಾನ ನಿರ್ಣಯ ತಂದಾಗ, ಪ್ರಧಾನಿ ನರಸಿಂಹರಾವ್ ಭಾರತದ ನಿಯೋಗದ ಮುಖ್ಯಸ್ಥರನ್ನಾಗಿ ಕಳಿಸಿದ್ದು ವಿರೋಧ ಪಕ್ಷದ ನಾಯಕ ವಾಜಪೇಯಿ ಅವರನ್ನು. ಬಾಬ್ರಿ ಮಸೀದಿ ಉರುಳಿ ಒಂದೂಕಾಲು ವರ್ಷವೂ ಆಗಿರಲಿಲ್ಲ. 'ನಿಮ್ಮನ್ನು ನಂಬುತ್ತೇನೆ' ಎಂದು ಬಾಯಲ್ಲಿ ಹೇಳುವುದಕ್ಕಿಂತ ಇದು ದೊಡ್ಡ ಮಾತು. ವಾಜಪೇಯಿ ಕೂಡ ಇಂಥ ಲೆಕ್ಕವನ್ನು ಬಾಕಿ ಉಳಿಸಿಕೊಂಡವರಲ್ಲ. 1977ರಲ್ಲಿ ವಿದೇಶಾಂಗ ಸಚಿವರಾಗಿ ಸೌತ್ ಬ್ಲಾಕಿಗೆ ಹೋದಾಗ ಗೋಡೆಯ ಮೇಲೆ ಖಾಲಿ ಜಾಗವೊಂದು ಕಣ್ಣಿಗೆ ಬಿತ್ತಂತೆ. ಅಲ್ಲಿದ್ದ ನೆಹರೂ ಚಿತ್ರವನ್ನು, ಹೊಸ ಸಾಹೇಬರು ಖುಷಿಪಟ್ಟಾರು ಎಂದು ಯಾರೋ ಎತ್ತಿಟ್ಟಿದ್ದರು. ಎಲ್ಲಿ ಹೋಯಿತು ಎಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಆದರೆ ಚಿತ್ರ ಮರಳಿ ಗೋಡೆಗೆ ಬಂತು. ಮುಂದೊಮ್ಮೆ ಲೋಕಸಭೆಯಲ್ಲಿ ಅವರೇ ಇದನ್ನು ಹೇಳಿಕೊಂಡರು.

ಇದೇ ವಾಜಪೇಯಿ ಇಂದಿರಾ ಗಾಂಧಿಯನ್ನು 'ದುರ್ಗೆ' ಎಂದು ಕರೆದರೆಂಬ ಕಥೆ ಮಾತ್ರ ಈಗಲೂ ಓಡಾಡುತ್ತಿದೆ. ತಾನು ಹಾಗೆ ಅಂದೇ ಇಲ್ಲವೆಂದು ಅವರು ಹೇಳಿದರೂ ಜನ ಬಿಟ್ಟುಕೊಡಲಿಲ್ಲ. ವೈರಿಯ ಬಾಯಿಂದ ಬಂದ ಹೊಗಳಿಕೆ ಎಂದರೆ ನಮಗೆ ಅಷ್ಟು ರುಚಿ. ಇಲ್ಲದಿದ್ದರೆ ಹುಟ್ಟಿಸಿಯಾದರೂ ಸವಿಯುತ್ತೇವೆ.

ನಮ್ಮ ರಾಜ್ಯಕ್ಕೇ ಬಂದರೆ, ಮೆಚ್ಚುಗೆ ಮಾತಿನಲ್ಲಿ ಕಾಣದೆ ಕಾಯ್ದೆಯಲ್ಲಿ ಕಂಡದ್ದುಂಟು. 'ಉಳುವವನೇ ಹೊಲದೊಡೆಯ' ಎಂದು ಕಾಗೋಡಿನಿಂದ ವಿಧಾನಸಭೆಯವರೆಗೆ ಕೂಗಿ ಗಂಟಲು ಹರಿದುಕೊಂಡವರು ಸಮಾಜವಾದಿ ಶಾಂತವೇರಿ ಗೋಪಾಲಗೌಡರು. 1972ರ ಜೂನಿನಲ್ಲಿ ತೀರಿಕೊಂಡರು. ಎರಡು ವರ್ಷದೊಳಗೆ ಭೂಸುಧಾರಣೆಯ ತಿದ್ದುಪಡಿಯನ್ನು ಜಾರಿಗೆ ತಂದದ್ದು ಕಾಂಗ್ರೆಸ್ಸಿನ ದೇವರಾಜ ಅರಸು. ಗೌಡರಿಗೆ ಅದಕ್ಕಿಂತ ದೊಡ್ಡ ಸಂತಾಪ ನಿರ್ಣಯ ಇನ್ನೇನಿದ್ದೀತು.

ನಜೀರ್‌ಸಾಬರದು ಇದರ ಇನ್ನೊಂದು ಮುಖ. ಅವರು ರೂಪಿಸಿದ ಕಾಯ್ದೆಯಡಿ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ನೂರಕ್ಕೆ 25 ಸ್ಥಾನ ಹೆಂಗಸರಿಗೆ. ಮರುವರ್ಷ ಸಾಬರು ಹೋದರು, 1989ರಲ್ಲಿ ಕಾಂಗ್ರೆಸ್ ಮರಳಿತು. ಮಂಡಲಗಳ ಅವಧಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. ಎಲ್ಲ ಮಣ್ಣುಪಾಲಾಯಿತು ಅಂದುಕೊಳ್ಳುವಷ್ಟರಲ್ಲಿ 73ನೇ ತಿದ್ದುಪಡಿಯ ಬೆನ್ನಿಗೇ 1993ರ ಪಂಚಾಯತ್ ರಾಜ್ ಕಾಯ್ದೆ ಬಂತು. ಮುಖ್ಯಮಂತ್ರಿ ವೀರಪ್ಪ ಮೊಯಿಲಿ, ಇಲಾಖೆಯ ಮಂತ್ರಿ ಸಂಡೂರಿನ ಎಂ.ವೈ. ಘೋರ್ಪಡೆ. ಮಂಡಲ ಹೋಗಿ ಗ್ರಾಮ ಪಂಚಾಯಿತಿಯಾಯಿತು, ಹೆಂಗಸರ ಪಾಲು ಮೂರರಲ್ಲಿ ಒಂದಕ್ಕೇರಿತು. ಜಿಲ್ಲಾ ಹಂತದ ಅಧಿಕಾರಕ್ಕೆ ಕತ್ತರಿ ಬಿತ್ತೆಂದು ಹಳಬರು ಗೊಣಗಿದರು. ಅದರಲ್ಲಿ ಹುರುಳೂ ಇತ್ತು. ಆದರೂ ಅದು ಎದುರು ಪಕ್ಷದವನು ನೆಟ್ಟ ಗಿಡವೆಂದು ಬುಡಕ್ಕೆ ಕೊಡಲಿ ಹಾಕಲಿಲ್ಲ. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೂ ಸಾಬರ ಹೆಸರೇ ಉಳಿಯಿತು.

ಹೊಗಳಿಸಿಕೊಂಡವರ ಪಾಡೂ ಸುಲಭದ್ದಲ್ಲ. 2021ರಲ್ಲಿ ರಾಜ್ಯಸಭೆಯಿಂದ ನಿವೃತ್ತರಾಗುತ್ತಿದ್ದ ಗುಲಾಂ ನಬಿ ಆಜಾದ್ ಬಗ್ಗೆ ಮಾತಾಡುತ್ತ ಪ್ರಧಾನಿ ಮೋದಿ ಕಣ್ಣೀರು ಹಾಕಿದರು. ಮರುವರ್ಷ ಪದ್ಮಭೂಷಣ ಬಂದಾಗ ಆಜಾದರ ಪಕ್ಷದೊಳಗೇ ಚುಚ್ಚುಮಾತು ಕೇಳಿಬಂತು. ಆಗಸ್ಟ್ ಹೊತ್ತಿಗೆ ಅವರು ಕಾಂಗ್ರೆಸ್ಸಿನಲ್ಲೇ ಇರಲಿಲ್ಲ. ಎದುರಿನವರು ಬೆನ್ನು ತಟ್ಟಿದರೆ ನಮ್ಮವರು ಆ ಬೆನ್ನಿನ ಮೇಲೆ ಬೆರಳ ಗುರುತು ಹುಡುಕುತ್ತಾರೆ.

ಮೊನ್ನೆ ಊರಿಗೆ ಹೋಗಿದ್ದೆ. ದೊಡ್ಡಪ್ಪ ಇಲ್ಲ. ಬೋರಿನ ಕೈಪಂಪು ತುಕ್ಕು ಹಿಡಿದು ವಾಲಿಕೊಂಡಿದೆ, ಅದರ ಹಿಡಿಗೆ ಯಾರೋ ಮೇಕೆ ಕಟ್ಟಿದ್ದರು. ಅನತಿ ದೂರದಲ್ಲಿ ಕಾಯಿನ್ ಹಾಕಿ ನೀರು ಹಿಡಿಯುವ ಶುದ್ಧ ನೀರಿನ ಘಟಕ. ಮೇಲೆ ಶಾಸಕರ ಭಾವಚಿತ್ರ, ಅದರಡಿಯಿಂದ ಇಣುಕುತ್ತಿದ್ದ ಹಳೆಯ ಶಾಸಕರ ಅರ್ಧ ಮೀಸೆ. ಘಟಕ ಕೆಟ್ಟು ತಿಂಗಳಾಯಿತಂತೆ. ಕೊಡ ಹಿಡಿದು ಹೊರಟಿದ್ದ ಹುಡುಗಿಯನ್ನು "ನೀರಿಗೆ ಎಲ್ಲಿಗೆ ಹೋಗ್ತೀಯವ್ವಾ?" ಎಂದು ಕೇಳಿದೆ.

"ಸಾಬರ ಬೋರಿನ ಹಿಂದೆ ಒಂದು ನಲ್ಲಿ ಐತಲ್ಲ, ಅಲ್ಲಿಗೆ" ಅಂದಳು. ಯಾವ ಸಾಬರು ಎಂದರೆ ಅವಳಿಗೆ ಗೊತ್ತಿರಲಿಲ್ಲ.